ಮನೆಯಿಲ್ಲದ ದಿಬ್ಬಕ್ಕೆ ಇಬ್ಬರು ಎಂ.ಪಿ.ಗಳು

ಚುನಾವಣೆ ಹತ್ತಿರ ಬಂತೆಂದರೆ ಊರಿನಿಂದ ಅಣ್ಣನ ಫೋನು ಬರುತ್ತದೆ. ಯೋಗಕ್ಷೇಮವೆಲ್ಲ ಆಮೇಲೆ, ಮೊದಲ ಮಾತೇ "ಏನೋ, ಓಟಿಗೆ ಬರ್ತೀಯೇನೋ?" ನಾನು ಚೆನ್ನೈಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ತಿಪಟೂರಿನ ಕಡೆಯ ನಮ್ಮ ಹಳ್ಳಿಯ ಮತದಾರರ ಪಟ್ಟಿಯಲ್ಲಿ ಮಾತ್ರ ನನ್ನ ಹೆಸರು ಈಗಲೂ ಭದ್ರವಾಗಿದೆ. ಅಪ್ಪನ ಹೆಸರಿನ ಕೆಳಗೆ ಅಣ್ಣ, ಅಣ್ಣನ ಕೆಳಗೆ ನಾನು. ಅಪ್ಪನ ಹೆಸರು ಹೋಯಿತು, ನನ್ನದು ಉಳಿದಿದೆ. ಮೂರು ಸಲ ರಾತ್ರಿ ಬಸ್ಸು ಹಿಡಿದು ಹೋಗಿ ಓಟು ಹಾಕಿ, ಅತ್ತಿಗೆ ಮಾಡಿದ ಊಟ ಮಾಡಿ, ಅದೇ ರಾತ್ರಿ ವಾಪಸು ಬಂದಿದ್ದೇನೆ. ಉಳಿದ ಸಲವೆಲ್ಲ ರಜೆ ಸಿಗಲಿಲ್ಲ ಎಂದು ಹೇಳಿ ತಪ್ಪಿಸಿಕೊಂಡಿದ್ದೇನೆ.

ಈ ಸಲ ನಾನೇ ವಾದಕ್ಕಿಳಿದೆ. ಹೆಸರನ್ನು ಇಲ್ಲಿಗೆ ಬದಲಾಯಿಸಿಕೊಳ್ಳೋಣ ಅಂತಿದ್ದೇನೆ ಎಂದೆ. ಅಣ್ಣನಿಗೆ ಅದು ಆಸ್ತಿಯಲ್ಲಿ ಪಾಲು ಬಿಟ್ಟುಕೊಟ್ಟ ಹಾಗೆ ಕೇಳಿಸಿತೋ ಏನೋ. "ಮನೆ ಇದೆ, ತೋಟ ಇದೆ. ಮನೆ ಇದ್ದ ಕಡೆ ಓಟು ಇರಬೇಕಪ್ಪ. ಅಲ್ಲಿ ಬಾಡಿಗೆ ಮನೇಲಿ ಕೂತ್ಕೊಂಡು ಯಾರಿಗೆ ಹಾಕ್ತೀಯ?" ಎಂದ.

ಮನೆ ಇದ್ದ ಕಡೆ ಓಟು ಎಂಬ ಈ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿಕೊಂಡು, ನಾನೂರೈವತ್ತಕ್ಕೂ ಹೆಚ್ಚು ವರ್ಷ ಪಾರ್ಲಿಮೆಂಟಿಗೆ ಇಬ್ಬಿಬ್ಬರು ಸದಸ್ಯರನ್ನು ಕಳಿಸಿದ ಒಂದು ಕ್ಷೇತ್ರ ಇಂಗ್ಲೆಂಡಿನಲ್ಲಿತ್ತು. ಹೆಸರು ಓಲ್ಡ್ ಸೇರಂ. ಕಾಲಕ್ರಮದಲ್ಲಿ ಅಲ್ಲಿ ಮನೆಗಳು ಹೋದವು, ಜನ ಹೋದರು, ಓಟು ಮಾತ್ರ ಹೋಗಲಿಲ್ಲ. ಶಾಲೆಯ ಇತಿಹಾಸದ ಪಾಠದಲ್ಲಿ 'ಕೊಳೆತ ಕ್ಷೇತ್ರಗಳು' ಎಂಬ ಒಂದು ಸಾಲಿನಲ್ಲಿ ಇದನ್ನು ಓದಿ ಮರೆತವರೇ ಹೆಚ್ಚು. ನಾನೂ ಹಾಗೇ ಮರೆತಿದ್ದೆ. ಆದರೆ ಚೆನ್ನೈಯ ಸೇಂಟ್ ಜಾರ್ಜ್ ಕೋಟೆಯ ಗವರ್ನರುಗಳ ಬಗ್ಗೆ ಓದುತ್ತಾ ಹೋದರೆ ಈ ದಿಬ್ಬದ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಅದರ ಕಥೆಯಲ್ಲಿ ಕೃಷ್ಣಾ ತೀರದ ವಜ್ರವಿದೆ, ನಮ್ಮ ವರಹ ನಾಣ್ಯವಿದೆ, ಹೈದರಾಲಿಯ ನೆರಳೂ ಇದೆ.

ದಕ್ಷಿಣ ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ, ಸಾಲ್ಸ್‌ಬರಿ ಪಟ್ಟಣದಿಂದ ಮೂರು ಕಿಲೋಮೀಟರಿನಷ್ಟು ಉತ್ತರಕ್ಕೆ ಒಂದು ದೊಡ್ಡ ದುಂಡು ದಿಬ್ಬ ಇದೆ. ಕಬ್ಬಿಣ ಯುಗದವರು ಅದರ ಸುತ್ತ ಮಣ್ಣಿನ ಕೋಟೆ ಕಟ್ಟಿದ್ದರು. ರೋಮನ್ನರು ಬಂದುಹೋದರು. ನಾರ್ಮನ್ನರು ಅದರ ನಡುವೆ ಕಲ್ಲಿನ ಕೋಟೆ ಎಬ್ಬಿಸಿದರು. 1086ರಲ್ಲಿ ವಿಲಿಯಂ ದೊರೆ ರಾಜ್ಯದ ಜಮೀನ್ದಾರರನ್ನೆಲ್ಲ ಇಲ್ಲಿಗೆ ಕರೆಸಿ ನಿಷ್ಠೆಯ ಪ್ರಮಾಣ ಮಾಡಿಸಿದ. 1092ರಲ್ಲಿ ಒಂದು ಕ್ಯಾಥೆಡ್ರಲ್ ತಯಾರಾಯಿತು. ಪ್ರತಿಷ್ಠಾಪನೆಯಾದ ಕೆಲವೇ ದಿನಗಳಲ್ಲಿ ಬಿರುಗಾಳಿಗೆ ಅದರ ಮಾಡು ಹಾಳಾಯಿತು. ಅಪಶಕುನವೇ ಇರಬೇಕು. ದಿಬ್ಬದ ಮೇಲೆ ನೀರಿಗೆ ತತ್ವಾರ, ಗಾಳಿಗೆ ಕಿವಿ ಕೇಳಿಸದ ಸ್ಥಿತಿ, ಕೋಟೆಯ ಸಿಪಾಯಿಗಳಿಗೂ ಚರ್ಚಿನ ಪಾದ್ರಿಗಳಿಗೂ ದಿನಬೆಳಗಾದರೆ ಜಗಳ. ಕೊನೆಗೆ ಪಾದ್ರಿಗಳು ಸಾಕಾಗಿ ಕೆಳಗೆ ನದಿಯ ಬಯಲಿಗಿಳಿದು 1220ರಲ್ಲಿ ಹೊಸ ಕ್ಯಾಥೆಡ್ರಲ್ಲಿಗೆ ಕಲ್ಲು ಹಾಕಿದರು. ಇಂದು ಪ್ರವಾಸಿಗಳು ಕತ್ತೆತ್ತಿ ನೋಡುವ, 123 ಮೀಟರ್ ಎತ್ತರದ ಗೋಪುರದ ಸಾಲ್ಸ್‌ಬರಿ ಕ್ಯಾಥೆಡ್ರಲ್ ಅದೇ. ದೇವರು ಇಳಿದ ಮೇಲೆ ಸಂತೆಯೂ ಇಳಿಯಿತು, ಜನರೂ ಇಳಿದರು. ಹಳೆಯ ಕ್ಯಾಥೆಡ್ರಲ್ಲಿನ ಕಲ್ಲುಗಳನ್ನೇ ಹೊತ್ತು ತಂದು ಹೊಸ ಊರಿನಲ್ಲಿ ಬಳಸಿದರು.

ದಿಬ್ಬ ಖಾಲಿಯಾಯಿತು. ಆದರೆ ಅಷ್ಟರಲ್ಲಿ ಅದು ಪಾರ್ಲಿಮೆಂಟಿಗೆ ಸದಸ್ಯರನ್ನು ಕಳಿಸುವ ಊರುಗಳ ಲೆಕ್ಕಕ್ಕೆ ಸೇರಿತ್ತು. ಮೊದಲ ಎಡ್ವರ್ಡ್ ದೊರೆ 1295ರಲ್ಲಿ ಕರೆದ ಪಾರ್ಲಿಮೆಂಟಿಗೇ ಅಲ್ಲಿಂದ ಪ್ರತಿನಿಧಿಗಳು ಹೋಗಿದ್ದರು. ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಿಂದ ಇದು ತಪ್ಪದೆ ನಡೆಯಿತು. ಒಮ್ಮೆ ಸೇರಿದ ಹೆಸರನ್ನು ತೆಗೆಯುವ ಪದ್ಧತಿ ಇರಲಿಲ್ಲ. ನಮ್ಮ ಸರ್ಕಾರಿ ಕಡತಗಳಲ್ಲಿ ಬೇಚರಾಕ್ ಗ್ರಾಮಗಳು ಉಳಿದಿರುತ್ತವಲ್ಲ, ಜನರಿಲ್ಲದಿದ್ದರೂ ಸರ್ವೆ ನಂಬರು ಇರುವ ಗ್ರಾಮಗಳು, ಹಾಗೆ.

ಜನರೇ ಇಲ್ಲದ ಮೇಲೆ ಓಟು ಹಾಕುವವರು ಯಾರು ಎಂದು ಕೇಳಬಹುದು. ಅಲ್ಲಿನ ಓಟು ಮನುಷ್ಯನದಾಗಿರಲಿಲ್ಲ, ನಿವೇಶನದ್ದಾಗಿತ್ತು. ಹಳೆಯ ಪಟ್ಟಣದ ಮನೆ ನಿವೇಶನಗಳಿಗೆ 'ಬರ್ಗೇಜ್' ಎಂದು ಹೆಸರು. ಬರ್ಗೇಜ್ ಯಾರ ಹೆಸರಿನಲ್ಲಿದೆಯೋ ಅವನಿಗೆ ಓಟು. ಮನೆ ಬಿದ್ದು, ಅಡಿಪಾಯ ಮಣ್ಣು ಸೇರಿ, ಅಲ್ಲಿ ಉಳುಮೆ ನಡೆಯುತ್ತಿದ್ದರೂ ನಿವೇಶನದ ಹಕ್ಕು ಹಕ್ಕೇ. ಇಂಥ ಕ್ಷೇತ್ರಗಳನ್ನು ಪೂರ್ತಿ ಕೊಂಡುಕೊಂಡ ಧಣಿಗಳು ಚುನಾವಣೆಗೆ ಮುಂಚೆ ತಮ್ಮ ನಂಬಿಕೆಯವರ ಹೆಸರಿಗೆ ಒಂದೊಂದು ನಿವೇಶನದ ಪತ್ರ ಬರೆದುಕೊಟ್ಟು, ಓಟು ಮುಗಿದ ಮೇಲೆ ಪತ್ರ ವಾಪಸು ಇಸಿದುಕೊಳ್ಳುತ್ತಿದ್ದರು. ಓಲ್ಡ್ ಸೇರಂ ರದ್ದಾಗುವ ಹೊತ್ತಿಗೆ ಅದರ ಲೆಕ್ಕದಲ್ಲಿದ್ದವರು ಹನ್ನೊಂದು ಮತದಾರರು. ಒಬ್ಬನೂ ಅಲ್ಲಿ ವಾಸವಿರಲಿಲ್ಲ. ಚುನಾವಣೆಯ ದಿನ ದಿಬ್ಬದ ಕೆಳಗಿನ ಹೊಲದಲ್ಲಿ ಒಂದು ಎಲ್ಮ್ ಮರದ ಹತ್ತಿರ ಗುಡಾರ ಹಾಕಿ, ಧಣಿಯ ಕಡೆಯ ಅಧಿಕಾರಿ ಕೂತು, ಧಣಿ ಹೇಳಿದ ಎರಡು ಹೆಸರು ಓದಿ ಮುಗಿಸುತ್ತಿದ್ದರು. ಆ ಮರಕ್ಕೆ 'ಪಾರ್ಲಿಮೆಂಟ್ ಮರ' ಎಂದೇ ಹೆಸರಾಗಿತ್ತು. ಕ್ಷೇತ್ರ ಹೋದ ಮೇಲೂ ಎಪ್ಪತ್ತು ವರ್ಷ ಅದು ನಿಂತಿತ್ತಂತೆ.

ಈ ದಿಬ್ಬವನ್ನು 1690ರ ಸುಮಾರಿಗೆ ಕೊಂಡವನು ಥಾಮಸ್ ಪಿಟ್. ಮಾರಿದವನು ಸಾಲ್ಸ್‌ಬರಿಯ ಅರ್ಲ್, ಸೆಸಿಲ್ ಮನೆತನದವನು. ಈ ಸೆಸಿಲ್ ಹೆಸರು ನೆನಪಿರಲಿ, ಮುಂದೆ ಇನ್ನೊಮ್ಮೆ ಬರುತ್ತದೆ. ಪಿಟ್‌ಗೆ ದುಡ್ಡು ಎಲ್ಲಿಂದ ಬಂತು? ನಮ್ಮಿಂದಲೇ. ಈಸ್ಟ್ ಇಂಡಿಯಾ ಕಂಪನಿಗೆ ಈ ಕಡೆಯ ವ್ಯಾಪಾರದ ಏಕಸ್ವಾಮ್ಯ ಇದ್ದಾಗ, ಅದನ್ನು ಲೆಕ್ಕಿಸದೆ ಒರಿಸ್ಸಾದ ಬಾಲಸೋರಿನಲ್ಲಿ ಕೂತು ಕಳ್ಳ ವ್ಯಾಪಾರ ಮಾಡಿ ದುಡ್ಡು ಮಾಡಿದವನು ಅವನು. ಕಂಪನಿ ಅವನನ್ನು ಹಿಡಿಸಲು ನೋಡಿತು, ಕೋರ್ಟಿಗೆ ಎಳೆಯಿತು, ದಂಡ ಹಾಕಿಸಿತು. ಯಾವುದಕ್ಕೂ ಬಗ್ಗದಿದ್ದಾಗ ಕೊನೆಗೆ ಅವನನ್ನೇ ಮದರಾಸಿನ ಗವರ್ನರ್ ಮಾಡಿತು! 1698ರಿಂದ 1709ರವರೆಗೆ ಸೇಂಟ್ ಜಾರ್ಜ್ ಕೋಟೆಯಲ್ಲಿ ಅವನದೇ ಆಡಳಿತ. 1702ರಲ್ಲಿ ಮೊಗಲರ ಕಡೆಯ ಕರ್ನಾಟಿಕ್ ನವಾಬ ದಾವೂದ್ ಖಾನ್ ಕೋಟೆಯನ್ನು ತಿಂಗಳುಗಟ್ಟಲೆ ಸುತ್ತುವರಿದಾಗ ಪಿಟ್ ಗಟ್ಟಿಯಾಗಿ ಕೂತ, ಕೊನೆಗೆ ಒಂದಷ್ಟು ದುಡ್ಡು ಕೊಟ್ಟು ಸಾಗಹಾಕಿದ. (ಈ 'ಕರ್ನಾಟಿಕ್' ತಮಿಳು ಸೀಮೆ. ನಮ್ಮ ಹೆಸರು ಅವರ ಊರಿಗೆ ಅಂಟಿಕೊಂಡ ಕಥೆ ಬೇರೆಯೇ ಇದೆ, ಇನ್ನೊಂದು ಸಲ ಬರೆಯುತ್ತೇನೆ.)

ಅದೇ ಹೊತ್ತಿಗೆ ಅವನ ಕೈಗೆ ಆ ವಜ್ರ ಸಿಕ್ಕಿತು. ಕೃಷ್ಣಾ ತೀರದ ಕೊಲ್ಲೂರು ಗಣಿಯದು, ಕತ್ತರಿಸುವ ಮೊದಲು 400 ಕ್ಯಾರಟ್ಟಿಗೂ ಹೆಚ್ಚು. ಜಮಚಂದ್ ಎಂಬ ವ್ಯಾಪಾರಿ ಕೇಳಿದ ಬೆಲೆ ಎರಡು ಲಕ್ಷ ಪಗೋಡ. ಪಿಟ್ ಚೌಕಾಸಿ ಮಾಡಿ ಮಾಡಿ 48,000 ಪಗೋಡಕ್ಕೆ ಇಳಿಸಿದ. ಪಗೋಡ ಎಂದರೆ ಬೇರೇನಲ್ಲ, ವಿಜಯನಗರದ ಕಾಲದಿಂದ ದಕ್ಷಿಣದಲ್ಲಿ ಓಡಾಡಿದ ನಮ್ಮ ವರಹದ ವಂಶದ್ದೇ. ಅವನ ಮಗ ಅದನ್ನು ಲಂಡನ್ನಿಗೆ ಸಾಗಿಸಿದ. ಕತ್ತರಿಸಿದ ಮೇಲೆ 140 ಕ್ಯಾರಟ್ ಉಳಿಯಿತು. 1717ರಲ್ಲಿ ಫ್ರಾನ್ಸಿನ ರೀಜೆಂಟ್ ಅದನ್ನು 1,35,000 ಪೌಂಡಿಗೆ ಕೊಂಡ. ಪಿಟ್ ಹಾಕಿದ ಬಂಡವಾಳ ಇಪ್ಪತ್ತು ಸಾವಿರ ಪೌಂಡಿನ ಆಸುಪಾಸು. ಇವತ್ತು ಅದು ಪ್ಯಾರಿಸಿನ ಲೂವ್ರ್‌ನಲ್ಲಿ 'ರೀಜೆಂಟ್ ವಜ್ರ' ಎಂಬ ಹೆಸರಿನಲ್ಲಿದೆ. ವಜ್ರ ಮಾರಿ ಓಲ್ಡ್ ಸೇರಂ ಕೊಂಡ ಎಂದು ಕೆಲವರು ಹೇಳುವುದುಂಟು. ಅದು ತಪ್ಪು. ದಿಬ್ಬ ಮೊದಲು, ವಜ್ರ ಆಮೇಲೆ. ಇಂಡಿಯಾದ ದುಡ್ಡು ಎರಡಕ್ಕೂ ಸಾಮಾನ್ಯ, ಅಷ್ಟೆ.

ಪಿಟ್‌ಗೆ ದಿಬ್ಬ ಏಕೆ ಬೇಕಿತ್ತೆಂದರೆ, ಪಾರ್ಲಿಮೆಂಟಿನಲ್ಲಿ ಕೂತವನನ್ನು ಕಂಪನಿ ಸುಲಭವಾಗಿ ಮುಟ್ಟುವಂತಿರಲಿಲ್ಲ. ತಾನೂ ಆ ಕ್ಷೇತ್ರದಿಂದ ಕೂತ, ಮಗನನ್ನೂ ಕೂರಿಸಿದ. 1735ರಲ್ಲಿ ಅವನ ಮೊಮ್ಮಗ ವಿಲಿಯಂ ಪಿಟ್ ಇಪ್ಪತ್ತಾರರ ಹರೆಯದಲ್ಲಿ ಇದೇ ದಿಬ್ಬದ ಪ್ರತಿನಿಧಿಯಾಗಿ ಮೊದಲ ಸಲ ಕಾಮನ್ಸ್ ಸಭೆಗೆ ಬಂದ. ಹನ್ನೆರಡು ವರ್ಷ ಅಲ್ಲಿಂದಲೇ ಸದಸ್ಯ. ಮುಂದೆ ಏಳು ವರ್ಷಗಳ ಯುದ್ಧದಲ್ಲಿ ಬ್ರಿಟನ್ನನ್ನು ಗೆಲ್ಲಿಸಿದ, ಪ್ರಧಾನಿಯಾದ ಹಿರಿಯ ಪಿಟ್ ಅವನೇ.

ಈ ಹಿರಿಯ ಪಿಟ್ ಓಲ್ಡ್ ಸೇರಂನ ಪರವಾಗಿ ಮಾತಾಡುವವರಿಗೆ ದೊಡ್ಡ ಸಾಕ್ಷಿಯಾದ. ನೋಡಿ, ಇಂಥ ಕ್ಷೇತ್ರವಿಲ್ಲದಿದ್ದರೆ ಇಂಥ ಪ್ರತಿಭಾವಂತ ಒಳಗೆ ಬರುತ್ತಿದ್ದನೇ ಎಂದು ಅವರು ಕೇಳುತ್ತಿದ್ದರು. ಪಿಟ್ ಸ್ವತಃ ಅವರ ಪರ ನಿಲ್ಲಲಿಲ್ಲ. 1766ರಲ್ಲಿ ಅಮೆರಿಕದ ಸ್ಟಾಂಪ್ ತೆರಿಗೆಯ ಚರ್ಚೆಯ ನಡುವೆ, ಈ ಸಣ್ಣ ಬರೋಗಳು ಸಂವಿಧಾನದ ಕೊಳೆತ ಭಾಗ, ತಾನಾಗಿ ಬೀಳದಿದ್ದರೆ ಕತ್ತರಿಸಬೇಕಾದೀತು ಎಂಬರ್ಥದ ಮಾತಾಡಿದ. 1770ರಲ್ಲಿ ಲಾರ್ಡ್ಸ್ ಸಭೆಯಲ್ಲಿ, ಏಷ್ಯಾದ ಸಂಪತ್ತು ತಂದವರು ನೆಲದ ಸಂಬಂಧವೇ ಇಲ್ಲದೆ ಲಂಚದ ಬಲದಿಂದ ಪಾರ್ಲಿಮೆಂಟಿಗೆ ನುಗ್ಗುತ್ತಿದ್ದಾರೆಂದು ಗುಡುಗಿದ. ಅಜ್ಜನ ಹೆಸರು ಆ ಹೊತ್ತಿಗೆ ಅವನಿಗೆ ನೆನಪಾಗಲಿಲ್ಲವೋ, ಅಥವಾ ಅಜ್ಜನನ್ನು ಕಂಡಿದ್ದರಿಂದಲೇ ಅಷ್ಟು ಚೆನ್ನಾಗಿ ಗೊತ್ತಿತ್ತೋ! ಅವನ ಮಗ ಕಿರಿಯ ಪಿಟ್ ಪ್ರಧಾನಿಯಾಗಿದ್ದಾಗ 1785ರಲ್ಲಿ ಇಂಥ 36 ಕ್ಷೇತ್ರಗಳನ್ನು ಅವುಗಳ ಧಣಿಗಳಿಗೆ ಪರಿಹಾರ ಕೊಟ್ಟೇ ತೆಗೆಯೋಣವೆಂದು ಮಸೂದೆ ತರಹೊರಟ. 248ಕ್ಕೆ 174ರಿಂದ ಸೋತ. ಪರಿಹಾರದ ಮಾತನ್ನು ಗಮನಿಸಿ. ಓಟು ಆಸ್ತಿ ಎನ್ನುವುದನ್ನು ಸುಧಾರಕನೂ ಒಪ್ಪಿಕೊಂಡಿದ್ದ.

ಅದೇ 1785ರ ಫೆಬ್ರುವರಿಯಲ್ಲಿ ಎಡ್ಮಂಡ್ ಬರ್ಕ್ ಆರ್ಕಾಟ್ ನವಾಬನ ಸಾಲಗಳ ಬಗ್ಗೆ ತನ್ನ ಪ್ರಸಿದ್ಧ ಭಾಷಣ ಮಾಡಿದ. ಮದರಾಸಿನ ಕಂಪನಿ ನೌಕರರು ನವಾಬ ಮುಹಮ್ಮದ್ ಅಲಿಗೆ ಬಡ್ಡಿಗೆ ಸಾಲ ಕೊಟ್ಟು, ಆ ಸಾಲಕ್ಕೆ ರೈತರ ಕಂದಾಯವನ್ನೇ ಬರೆಸಿಕೊಂಡು ಕೊಬ್ಬಿದ್ದರು. ಅವರಲ್ಲಿ ಮುಂಚೂಣಿಯವನು ಪಾಲ್ ಬೆನ್‌ಫೀಲ್ಡ್. ಹಿಂದಿನ ಪಾರ್ಲಿಮೆಂಟಿನಲ್ಲಿ ತನ್ನನ್ನೂ ಸೇರಿಸಿ ಎಂಟು ಸದಸ್ಯರನ್ನು ಇವನೊಬ್ಬನೇ 'ಮಾಡಿದ್ದಾನೆ' ಎಂಬುದು ಬರ್ಕನ ಆರೋಪ. ಅಂದರೆ ಆರ್ಕಾಟಿನ ರೈತನ ಬೆವರು ವಿಲ್ಟ್‌ಶೈರಿನ ಕ್ಷೇತ್ರ ಕೊಳ್ಳಲು ಹೋಗಿ, ಅಲ್ಲಿಂದ ಆಯ್ಕೆಯಾದವರು ಆರ್ಕಾಟಿನ ಸಾಲ ಸರಿಯೆಂದು ಕೈಯೆತ್ತುವ ಏರ್ಪಾಟು. 1780ರಲ್ಲಿ ಹೈದರಾಲಿ ಘಟ್ಟ ಇಳಿದು ಈ ಸೀಮೆಯ ಮೇಲೆ ಬಿದ್ದ ಭಯಂಕರ ವರ್ಣನೆಯೂ ಆ ಭಾಷಣದಲ್ಲೇ ಬರುತ್ತದೆ. ಬರ್ಕನ ಕಳಕಳಿ ನಿಜವಾದದ್ದು. ಆದರೆ ಅವನೂ ಕೂತಿದ್ದು ಧಣಿಯೊಬ್ಬ ಜೇಬಿನಿಂದ ತೆಗೆದುಕೊಟ್ಟ ಕ್ಷೇತ್ರದಲ್ಲಿ. ಕ್ಷೇತ್ರ ಸುಧಾರಣೆಗೂ ಅವನ ವಿರೋಧವಿತ್ತು.

ಓಲ್ಡ್ ಸೇರಂನಿಂದ ಒಂದೇ ಒಂದು ಸಲ ತಮಾಷೆಯ ಆಯ್ಕೆಯಾಯಿತು. 1801ರಲ್ಲಿ ಪಿಟ್ ಮನೆತನದ ಲಾರ್ಡ್ ಕ್ಯಾಮಲ್‌ಫರ್ಡ್, ದೇಶದ್ರೋಹದ ಆರೋಪ ಹೊತ್ತು ಖುಲಾಸೆಯಾಗಿದ್ದ ಕ್ರಾಂತಿಕಾರಿ ಮನೋಭಾವದ ಮುದುಕ ಜಾನ್ ಹಾರ್ನ್ ಟೂಕ್‌ನನ್ನು ಈ ದಿಬ್ಬದಿಂದ ಆರಿಸಿ ಕಳಿಸಿದ. ಪಾರ್ಲಿಮೆಂಟ್ ಸುಧಾರಣೆಗೆ ಜೀವನವಿಡೀ ಹೋರಾಡಿದವನು ಅತಿ ಕೊಳೆತ ಕ್ಷೇತ್ರದಿಂದ ಬಂದು ಕೂತಾಗ ಸರ್ಕಾರಕ್ಕೆ ಉರಿಯಿತು. ಟೂಕ್ ಹಿಂದೊಮ್ಮೆ ಪಾದ್ರಿಯಾಗಿದ್ದ ಎಂಬುದನ್ನು ಹಿಡಿದು, ಪಾದ್ರಿಗಳು ಕಾಮನ್ಸ್ ಸಭೆಗೆ ಬರಕೂಡದೆಂಬ ಕಾನೂನನ್ನೇ ಮಾಡಿದರು. ಮತದಾರರಿಲ್ಲದ ಕ್ಷೇತ್ರ ಅವರಿಗೆ ತಪ್ಪಾಗಿ ಕಾಣಲಿಲ್ಲ, ಪಾದ್ರಿ ಮಾತ್ರ ತಪ್ಪಾದ. ಆ ಕಾನೂನು ತೆಗೆಯಲು 2001 ಬರಬೇಕಾಯಿತು.

ಮರುವರ್ಷವೇ ಕ್ಯಾಮಲ್‌ಫರ್ಡ್ ದಿಬ್ಬವನ್ನು ಹತ್ತಾರು ಸಾವಿರ ಪೌಂಡಿಗೆ ಮಾರಿದ. ಹೊಲದ ಹುಟ್ಟುವಳಿ ನೋಡಿ ಯಾರೂ ಆ ಬೆಲೆ ಕೊಡುವುದಿಲ್ಲ, ಎರಡು ಕುರ್ಚಿಗೆ ಕೊಟ್ಟ ಬೆಲೆ ಅದು. ಕೊಂಡವರು ಕ್ಯಾಲೆಡನ್ ಅರ್ಲ್ ಮನೆತನದವರು. ಅವರ ದುಡ್ಡೂ ಕಂಪನಿಯ ದುಡ್ಡೇ. ಮೊದಲ ಅರ್ಲ್ ಜೇಮ್ಸ್ ಅಲೆಕ್ಸಾಂಡರ್ ಇಂಡಿಯಾದಲ್ಲಿ ಗಳಿಸಿ ಐರ್ಲೆಂಡಿಗೆ ಮರಳಿದವನು. ಅವನ ತಂಗಿಯನ್ನು ಮದುವೆಯಾಗಿದ್ದವನು ಜೋಸಿಯಾಸ್ ಡು ಪ್ರೆ. 1769ರಲ್ಲಿ ಹೈದರಾಲಿ ಕುದುರೆ ಸೈನ್ಯದೊಂದಿಗೆ ಮದರಾಸಿನ ಹೊರವಲಯದ ಪರಂಗಿಮಲೆ ಕಡೆಗೆ ಬಂದು ನಿಂತು, ಮಾತುಕತೆಗೆ ಇವನನ್ನೇ ಕಳಿಸಿ ಎಂದು ಕರೆಸಿಕೊಂಡ ಡು ಪ್ರೆ ಇವನೇ. ಮುಂದೆ ಮದರಾಸಿನ ಗವರ್ನರೂ ಆದ. ಅವನ ಹೆಸರನ್ನೇ ಇಟ್ಟುಕೊಂಡ ಜೋಸಿಯಾಸ್ ಡು ಪ್ರೆ ಅಲೆಕ್ಸಾಂಡರ್ ಓಲ್ಡ್ ಸೇರಂನ ಕೊನೆಯ ಸದಸ್ಯರಲ್ಲಿ ಒಬ್ಬ. ಪರಂಗಿಮಲೆಯ ಮೆಟ್ರೋ ನಿಲ್ದಾಣದಲ್ಲಿ ನಾನು ವಾರಕ್ಕೆರಡು ಸಲ ಗಾಡಿ ಬದಲಾಯಿಸುತ್ತೇನೆ. ಅಲ್ಲಿ ಹೈದರನ ಕುದುರೆಗಳು ನಿಂತಿದ್ದವು ಎನ್ನುವುದು ಈಚೆಗೆ ದಿನಾ ನೆನಪಾಗುತ್ತದೆ.

ಇತ್ತ ಓಲ್ಡ್ ಸೇರಂಗೆ ಇಬ್ಬರು. ಅತ್ತ ಮ್ಯಾಂಚೆಸ್ಟರಿಗೆ ಒಬ್ಬನೂ ಇಲ್ಲ. ಹತ್ತಿಯ ಗಿರಣಿಗಳಿಂದ ಲಕ್ಷ ದಾಟಿ ಬೆಳೆದ ಊರು. ಲೀಡ್ಸ್, ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್ ಯಾವುದಕ್ಕೂ ಸ್ವಂತ ಸದಸ್ಯರಿರಲಿಲ್ಲ. ಆ ಊರುಗಳಿಗೆ ದುಡಿಯಲು ಬಂದವರೆಲ್ಲ ಹಳ್ಳಿಗಳಿಂದ ವಲಸೆ ಬಂದವರು. ಎಲ್ಲ ಸದಸ್ಯರೂ ಇಡೀ ದೇಶವನ್ನು ಪ್ರತಿನಿಧಿಸುತ್ತಾರೆ, ನಿಮ್ಮ ಹಿತವನ್ನೂ ಅವರು ನೋಡಿಕೊಳ್ಳುತ್ತಾರೆ ಎಂಬುದು ಅವರಿಗೆ ಸಿಗುತ್ತಿದ್ದ ಸಮಾಧಾನ. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸುಮಾರು 60,000 ಜನ, ಹೆಂಗಸರು ಮಕ್ಕಳ ಸಮೇತ, ನಮಗೂ ಪ್ರತಿನಿಧಿ ಬೇಕು ಎಂದು ಸೇರಿದರು. ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದರು. ಸತ್ತವರು ಹದಿನೈದಕ್ಕೆ ಕಡಿಮೆಯಿಲ್ಲ, ಗಾಯಗೊಂಡವರು ನೂರಾರು. ನಾಲ್ಕು ವರ್ಷದ ಹಿಂದಿನ ವಾಟರ್ಲೂ ಗೆಲುವನ್ನು ಅಣಕಿಸಿ ಜನ ಅದಕ್ಕೆ 'ಪೀಟರ್ಲೂ' ಎಂದರು.

1831ರ ಮಾರ್ಚ್ 1ರಂದು ಲಾರ್ಡ್ ಜಾನ್ ರಸೆಲ್ ಸುಧಾರಣಾ ಮಸೂದೆಯನ್ನು ಮಂಡಿಸಿದಾಗ ಒಂದು ಕಲ್ಪನೆ ಮಾಡಿದ. ಇಂಗ್ಲೆಂಡಿನ ಪಾರ್ಲಿಮೆಂಟಿನ ಕೀರ್ತಿ ಕೇಳಿ ಪರದೇಶದವನೊಬ್ಬ ಬರುತ್ತಾನೆ. ಅವನನ್ನು ಒಂದು ಹಸಿರು ದಿಬ್ಬಕ್ಕೆ ಕರೆದೊಯ್ದು, ಇದು ಇಬ್ಬರನ್ನು ಕಳಿಸುತ್ತದೆ ಎಂದರೆ ಅವನಿಗೆ ಏನನ್ನಿಸೀತು? ಮನೆಯೊಂದೂ ಇಲ್ಲದ ತೋಪು, ಪಾಳು ಗೋಡೆ, ಅವಕ್ಕೂ ಇಬ್ಬಿಬ್ಬರು. ಆಮೇಲೆ ದೊಡ್ಡ ಗಿರಣಿ ಪಟ್ಟಣ ತೋರಿಸಿ, ಇದಕ್ಕೆ ಯಾರೂ ಇಲ್ಲ ಎಂದರೆ? ರಸೆಲ್ ಪಟ್ಟಿ ಓದುತ್ತಾ ಹೋದಂತೆ ವಿರೋಧದವರು ನಗುತ್ತಿದ್ದರಂತೆ. ಎರಡನೇ ವಾಚನದಲ್ಲಿ ಮಸೂದೆಗೆ 302, ವಿರುದ್ಧ 301. ಒಂದೇ ಓಟು! ಅಲ್ಲಿಂದ ಮುಂದಿನದು ಹಗ್ಗಜಗ್ಗಾಟ. ಹೊಸ ಚುನಾವಣೆಯಾಯಿತು. ಅಕ್ಟೋಬರಿನಲ್ಲಿ ಲಾರ್ಡ್ಸ್ ಸಭೆ ಮಸೂದೆಯನ್ನು ತಳ್ಳಿಹಾಕಿತು. ನಾಟಿಂಗ್‌ಹ್ಯಾಮಿನ ಕೋಟೆಗೆ ಬೆಂಕಿ ಬಿತ್ತು, ಬ್ರಿಸ್ಟಲ್ ಮೂರು ದಿನ ಉರಿಯಿತು.

ರಸೆಲ್ ಕಲ್ಪಿಸಿದ ಪರದೇಶದವನು ಅದೇ ವರ್ಷ ನಿಜವಾಗಿಯೇ ಬಂದಿಳಿದ. ರಾಜಾ ರಾಮಮೋಹನ ರಾಯರು 1831ರ ಏಪ್ರಿಲಿನಲ್ಲಿ ಲಿವರ್‌ಪೂಲಿಗೆ ಬಂದರು. ದಿಲ್ಲಿಯ ಬಾದಶಹನ ಕೆಲಸದ ಮೇಲೆ ಬಂದವರು ಈ ಮಸೂದೆಯ ಬೆನ್ನು ಹತ್ತಿದರು. ಇದು ಸೋತರೆ ಈ ದೇಶದೊಂದಿಗಿನ ಸಂಬಂಧವನ್ನೇ ಕಡಿದುಕೊಳ್ಳುತ್ತೇನೆ ಎಂದು ಬಹಿರಂಗವಾಗಿ ಹೇಳಿದ್ದರು. ಅವರಿಗೆ ಅಲ್ಲಿ ಓಟಿರಲಿಲ್ಲ, ಬಂಗಾಳದಲ್ಲೂ ಇರಲಿಲ್ಲ. ಆದರೆ ಇಂಡಿಯಾದ ಹಣೆಬರಹ ಬರೆಯುವುದು ಆ ಸಭೆಯೇ ಎಂದು ಅವರಿಗೆ ಗೊತ್ತಿತ್ತು. 1832ರ ಜೂನ್ 7ರಂದು ಮಸೂದೆಗೆ ದೊರೆಯ ಅಂಕಿತ ಬಿತ್ತು. 56 ಬರೋಗಳು ಒಟ್ಟಿಗೆ ರದ್ದಾದವು. ಓಲ್ಡ್ ಸೇರಂ ಅವುಗಳಲ್ಲೊಂದು. ಸಮುದ್ರ ನುಂಗಿಹಾಕಿದ್ದ ಡನ್‌ವಿಚ್ ಇನ್ನೊಂದು. ಮ್ಯಾಂಚೆಸ್ಟರಿಗೆ ಇಬ್ಬರು ಸದಸ್ಯರು ಸಿಕ್ಕರು. ಎರಡು ವರ್ಷದ ನಂತರ ಚಿತ್ರಕಾರ ಜಾನ್ ಕಾನ್‌ಸ್ಟಬಲ್ ಆ ದಿಬ್ಬದ ಜಲವರ್ಣ ಚಿತ್ರ ಬರೆದ. ದೊಡ್ಡ ಆಕಾಶ, ಮೋಡ, ಕೆಳಗೆ ಬೋಳು ನೆಲ.

ಆದರೆ ಓಟು ನೆಲವನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ. 1832ರ ಕಾನೂನೂ ಪಟ್ಟಣಗಳಲ್ಲಿ ವರ್ಷಕ್ಕೆ ಹತ್ತು ಪೌಂಡ್ ಬಾಳುವ ಮನೆಯುಳ್ಳ ಗಂಡಸಿಗೆ ಓಟು ಎಂದಿತು. ಪೀಟರ್ಲೂ ಮೈದಾನದಲ್ಲಿ ಪೆಟ್ಟು ತಿಂದವರಲ್ಲಿ ಬಹುಪಾಲು ಜನರಿಗೆ ಏನೂ ಸಿಗಲಿಲ್ಲ, ಹೆಂಗಸರಿಗಂತೂ ಕಾನೂನಿನ ಭಾಷೆಯೇ ಬಾಗಿಲು ಹಾಕಿತು. ಒಂದು ಕಡೆ ವಾಸ, ಇನ್ನೊಂದು ಕಡೆ ಆಸ್ತಿ ಅಥವಾ ವ್ಯವಹಾರ ಇದ್ದವನು ಎರಡೂ ಕಡೆ ಓಟು ಹಾಕುವ ಪದ್ಧತಿ ಬ್ರಿಟನ್ನಿನಲ್ಲಿ ನಿಂತದ್ದು 1948ರ ಕಾನೂನಿನಿಂದ. ನಮಗೆ ಸ್ವಾತಂತ್ರ್ಯ ಬಂದ ಮರುವರ್ಷ!

ಸೆಸಿಲ್ ಮನೆತನದ ಮಾತು ಬಾಕಿ ಇದೆ. ಪಿಟ್‌ಗೆ ದಿಬ್ಬ ಮಾರಿದವನ ವಂಶದ ಲಾರ್ಡ್ ಸಾಲ್ಸ್‌ಬರಿ 1888ರಲ್ಲಿ ಪ್ರಧಾನಿಯಾಗಿದ್ದ. ಯಾವ ಬ್ರಿಟಿಷ್ ಕ್ಷೇತ್ರವೂ ಒಬ್ಬ ಕರಿಯನನ್ನು ಆರಿಸುವ ಮಟ್ಟಕ್ಕೆ ಬಂದಿಲ್ಲ ಎಂದು ಎಡಿನ್‌ಬರೋದಲ್ಲಿ ಹೇಳಿದ. ಅವನ ಮನಸ್ಸಿನಲ್ಲಿದ್ದದ್ದು 1886ರಲ್ಲಿ ಹೋಬರ್ನ್‌ನಲ್ಲಿ ಸೋತಿದ್ದ ದಾದಾಭಾಯಿ ನವರೋಜಿ. ನಾಲ್ಕು ವರ್ಷದ ನಂತರ ಲಂಡನ್ನಿನ ಫಿನ್ಸ್‌ಬರಿ ಸೆಂಟ್ರಲ್ ಅವರನ್ನು ಐದು ಓಟಿನ ಅಂತರದಲ್ಲಿ ಆರಿಸಿತು. ಮುಂಬೈಯ ನಮ್ಮವರು ದಿನಾ ನಡೆದಾಡುವ ಡಿ.ಎನ್. ರಸ್ತೆಯ ದಾದಾಭಾಯಿ. ಇಂಡಿಯಾದಿಂದ ಸಂಪತ್ತು ಹೇಗೆ ಸೋರಿಹೋಗುತ್ತಿದೆ ಎಂದು ಲೆಕ್ಕ ಹಾಕಿ ತೋರಿಸಿದವರು. ಆ ಸೋರಿಕೆಯಲ್ಲಿ ಕೊಂಡ ಕುರ್ಚಿಗಳಿದ್ದ ಸಭೆಯಲ್ಲಿ, ಓಟು ಕೇಳಿ ಗೆದ್ದ ಕುರ್ಚಿಯಲ್ಲಿ ಕೂತರು.

ಈಗ ಅಣ್ಣನ ಮಾತಿಗೆ ಬರುತ್ತೇನೆ. ನಮ್ಮ 1950ರ ಜನಪ್ರತಿನಿಧಿ ಕಾಯ್ದೆಯ 20ನೇ ಕಲಂ ತೆಗೆದು ನೋಡಿದೆ. ಒಂದು ಕ್ಷೇತ್ರದಲ್ಲಿ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಅಲ್ಲಿನ ಸಾಮಾನ್ಯ ನಿವಾಸಿ ಎಂದು ತಿಳಿಯತಕ್ಕದ್ದಲ್ಲ ಎಂದು ಅದು ಶುರುವಾಗುತ್ತದೆ. ಬರ್ಗೇಜ್ ಇಲ್ಲ ಎಂದು ಮೊದಲ ಸಾಲಿನಲ್ಲೇ ಹೇಳಿದ ಹಾಗೆ. ತಾತ್ಕಾಲಿಕವಾಗಿ ಊರು ಬಿಟ್ಟವನ ಹಕ್ಕು ಹೋಗುವುದಿಲ್ಲ ಎಂದೂ ಇದೆ. ಆದರೆ ಇಪ್ಪತ್ತೆರಡು ವರ್ಷವನ್ನು ತಾತ್ಕಾಲಿಕ ಎನ್ನಲು ನನಗೇ ನಾಚಿಕೆ.

ನಮ್ಮ ಬೀದಿಯಲ್ಲಿ ಮಳೆ ಬಂದರೆ ಮೊಣಕಾಲುದ್ದ ನೀರು ನಿಲ್ಲುತ್ತದೆ. ಓಟು ಕೇಳಲು ಬಂದವರು ಪಟ್ಟಿ ನೋಡಿ, ಪಕ್ಕದ ಮನೆಯ ಬಾಗಿಲು ತಟ್ಟಿ, ನಮ್ಮ ಬಾಗಿಲು ದಾಟಿ ಹೋಗುತ್ತಾರೆ. ನಾನು ಬೈಯಲಾರೆ, ಪಟ್ಟಿಯಲ್ಲಿ ಇಲ್ಲದವನು ನಾನೇ. ಊರಲ್ಲಿ ನಾನು ಓಲ್ಡ್ ಸೇರಂನ ಮತದಾರ, ಇಲ್ಲಿ ಮ್ಯಾಂಚೆಸ್ಟರಿನ ಕೂಲಿ. ನಿಮ್ಮಲ್ಲೂ ಎಷ್ಟೋ ಜನರ ಸ್ಥಿತಿ ಇದೇ ಇರಬೇಕು. ಪುಣೆಯಲ್ಲಿ ಮೂವತ್ತು ವರ್ಷ ಕಳೆದ ನನ್ನ ಷಡ್ಡಕನ ಓಟು ಇವತ್ತಿಗೂ ಹಾವೇರಿ ಕಡೆ. ಅವನ ಮಕ್ಕಳಿಬ್ಬರ ಓಟು ಪುಣೆಯಲ್ಲಿ.

ಹಾಗೆಂದು ಅಣ್ಣನ ಮಾತಿನಲ್ಲಿ ಏನೂ ಇಲ್ಲ ಎನ್ನಲಾರೆ. ಆ ಮತಗಟ್ಟೆ ನಾನು ಅಕ್ಷರ ಕಲಿತ ಶಾಲೆಯ ಕೊಠಡಿ. ಬೆರಳಿಗೆ ಶಾಯಿ ಹಚ್ಚುವ ಮೇಷ್ಟ್ರು ನನ್ನ ಹೆಸರು ಕೂಗುವಾಗ ಅಪ್ಪನ ಹೆಸರನ್ನೂ ಸೇರಿಸಿ ಕೂಗುತ್ತಾರೆ. ಅದನ್ನು ಬಿಡುವುದಕ್ಕೆ ಫಾರಂ ನಂಬರು 8 ತುಂಬಬೇಕು. ವಿಳಾಸದ ಪುರಾವೆಗೆ ಬ್ಯಾಂಕಿನ ಪಾಸ್‌ಪುಸ್ತಕ ತೆಗೆದಿಟ್ಟಿದ್ದೇನೆ.

ಮೊನ್ನೆ ರಾತ್ರಿ ಅಣ್ಣನಿಗೆ ಫೋನಿನಲ್ಲಿ ಆ ಕಲಂ ಓದಿ ಹೇಳಿದೆ, ದಿಬ್ಬದ ಕಥೆಯನ್ನೂ ಹೇಳಿದೆ. ಎಲ್ಲ ಕೇಳಿಸಿಕೊಂಡು ಒಂದು ಪ್ರಶ್ನೆ ಹಾಕಿದ. "ಅದೆಲ್ಲ ಸರಿ ಕಣೋ. ನಿಮ್ಮ ಕಡೆ ಈಗ ಎಂ.ಎಲ್.ಎ. ಯಾರು ಹೇಳು ನೋಡೋಣ?"

ನನಗೆ ಹೆಸರು ಬರಲಿಲ್ಲ. ಊರಿನ ಪಂಚಾಯಿತಿಗೆ ಮೂರು ಚುನಾವಣೆಯಿಂದ ಯಾರು ಯಾರು ನಿಂತಿದ್ದರು, ಯಾರು ಯಾರಿಗೆ ಬೀಗರು ಎಂದು ಕೇಳಿದ್ದರೆ ಒಂದೇ ಉಸಿರಿಗೆ ಹೇಳುತ್ತಿದ್ದೆ. ಅಣ್ಣ ನಕ್ಕ.

"ಮೊದ್ಲು ಅದನ್ನ ತಿಳ್ಕೊ. ಆಮೇಲೆ ಹೆಸರು ತೆಗೆಸೀವಂತೆ. ಓಟಿಗೆ ಬರ್ದಿದ್ರೆ ಪರವಾಗಿಲ್ಲ, ಯುಗಾದಿಗೆ ಬಾ. ಮಾಡಿನ ಹೆಂಚು ಬದಲಾಯಿಸಬೇಕು, ಅದಕ್ಕೆ ನಿನ್ನ ಪಾಲಿನ ದುಡ್ಡು ಕೊಡಬೇಕಲ್ಲ."